ಮೀಟರ್ 6 ಅಂತು, ರಿಲೇ ಕದಲಲಿಲ್ಲ

ಪ್ರಶ್ನೆ: 12 ವೋಲ್ಟ್ ಬ್ಯಾಟರಿಗೆ ಎರಡು 10 ಕಿಲೋಓಮ್ ರೆಸಿಸ್ಟರ್ ಸಾಲಾಗಿ ಹಾಕಿದೆ. ನಡುವೆ ಸರಿಯಾಗಿ 6 ವೋಲ್ಟ್ ಬಂತು. ಅಲ್ಲಿಗೆ 6 ವೋಲ್ಟಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಸೇರಿಸಿದರೆ ಬರೀ 0.1 ವೋಲ್ಟ್! ಏಕೆ ಸರ್?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಮ್ಮಾ, ನಿನ್ನ ಲೆಕ್ಕ ಸರಿಯಾಗೇ ಇದೆ. ಕೆಳಗಿನ ರೆಸಿಸ್ಟರನ್ನು ಒಟ್ಟು ರೆಸಿಸ್ಟೆನ್ಸಿನಿಂದ ಭಾಗಿಸಿ 12ರಿಂದ ಗುಣಿಸಿದರೆ 6. ಆದರೆ ರಿಲೇ ಸೇರಿಸಿದ ಕೂಡಲೇ ಸರ್ಕ್ಯೂಟೇ ಬದಲಾಯಿತಲ್ವಾ?

ನಮ್ಮ ರಿಪೇರಿ ಟೇಬಲ್ಲಿಗೆ ಬರುವ ಸಣ್ಣ ನೀಲಿ ರಿಲೇಗಳಲ್ಲಿ 6 ವೋಲ್ಟಿನದರ ಕಾಯಿಲ್ (ಒಳಗಿನ ತಂತಿ ಸುರುಳಿ) ಸುಮಾರು 100 ಓಮ್. ಅದು ಕೆಳಗಿನ 10 ಕಿಲೋಓಮ್‌ಗೆ ಸಮಾಂತರವಾಗಿ ಕೂತಿದೆ. ಎರಡೂ ಸೇರಿ 99 ಓಮ್. ಈಗ ಲೆಕ್ಕ ಹಾಕು: 99 ಭಾಗಿಸು 10,099, ಗುಣಿಸು 12. ಸುಮಾರು 0.12 ವೋಲ್ಟ್. ಮೀಟರ್ ನಿಜವನ್ನೇ ಹೇಳಿದೆ.

ಆ ರಿಲೇಗೆ 60 ಮಿಲಿಆಂಪ್ ಬೇಕು. ಮೇಲಿನ ಕಂದು-ಕಪ್ಪು-ಕಿತ್ತಳೆ ಪಟ್ಟಿಯ (ಅಂದರೆ 10 ಕಿಲೋಓಮ್) ರೆಸಿಸ್ಟರ್ ತಿಪ್ಪರಲಾಗ ಹಾಕಿದರೂ 1.2 ಮಿಲಿಆಂಪ್‌ಗಿಂತ ಜಾಸ್ತಿ ಬಿಡಲ್ಲ. ರೆಸಿಸ್ಟರ್‌ಗಳ ಓಮ್ ಇಳಿಸಿ ನೋಡೋಣ ಅಂತ ಹೊರಡಬೇಡ, ಸುಮ್ನೆ ಬಿಸಿಯಾಗಿ ಬ್ಯಾಟರಿ ಬರಿದಾಗುತ್ತದೆ. ಸ್ಥಿರವಾಗಿ 6 ವೋಲ್ಟ್ ಕೊಡುವ 7806 ರೆಗ್ಯುಲೇಟರ್ ಹಾಕು, ಇಲ್ಲವೇ 12 ವೋಲ್ಟಿನ ರಿಲೇ ತಗೋ. ನನ್ನ ಓಟು ಎರಡನೆಯದಕ್ಕೆ.

ನೀನು ಮಾಡಿದ ಹಾಗೆ ಎರಡು ರೆಸಿಸ್ಟರ್‌ಗಳಿಂದ ವೋಲ್ಟೇಜ್ ಹಂಚುವ ಡಿವೈಡರ್ ಇರುವುದು ಅಳೆಯಲಿಕ್ಕೆ. ಚಾರ್ಜ್ ಆಗುವಾಗ 14.4 ವೋಲ್ಟ್ ಮುಟ್ಟುವ ಬ್ಯಾಟರಿಯನ್ನು 5 ವೋಲ್ಟಿನ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಓದಬೇಕಾ? ಮೇಲೆ 20, ಕೆಳಗೆ 10 ಕಿಲೋಓಮ್ ಹಾಕು. 4.8 ವೋಲ್ಟ್ ಸಿಗುತ್ತದೆ. ಆರ್ಡುಯಿನೋದ ಓದುವ ಪಿನ್ ಕರೆಂಟನ್ನೇ ಎಳೆಯಲ್ಲ ಅನ್ನಬಹುದು, ಹಾಗಾಗಿ ಲೆಕ್ಕ ಕೆಡಲ್ಲ.