ಹಾವಿನ ಭಯ ಕಲಿಸಿದವರು ಯಾರು?

ಮೈಸೂರಿನ ನಿವೃತ್ತ ಮೇಷ್ಟರೊಬ್ಬರು ಬರೆದಿದ್ದಾರೆ: “ಐದು ವರ್ಷದ ಮೊಮ್ಮಗ ನಾಲ್ಕನೇ ಮಹಡಿಯಲ್ಲಿ ಬೆಳೆದವನು. ನಿಜವಾದ ಹಾವನ್ನು ಕಂಡೇ ಇಲ್ಲ. ಮೊನ್ನೆ ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಶಾಲೆಯಿಂದ ಕರೆತಂದೆ. ಗೇಟಿನ ಬಳಿ ಬಿದ್ದಿದ್ದ ನೀರಿನ ಪೈಪು ಕಂಡು ಚೀರಿ ನನ್ನ ಕಾಲು ತಬ್ಬಿಕೊಂಡ. ಯಾರೂ ಕಲಿಸದ ಈ ಭಯ ವಿಕಾಸದ ಹಾದಿಯಲ್ಲಿ ರಕ್ತಗತವಾಗಿ ಬಂದದ್ದಲ್ಲವೇ?”

ಮೇಷ್ಟರೇ, ಕಾಗದ ಸೊಗಸಾಗಿದೆ, ಅಕ್ಷರವಂತೂ ಮುತ್ತು. ಆದರೆ ‘ಯಾರೂ ಕಲಿಸದ’ ಎಂಬಲ್ಲಿ ನನ್ನ ಪೆನ್ನು ನಿಂತುಬಿಟ್ಟಿತು.

ವಿಕಾಸಕ್ಕೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಹುಲ್ಲಿನೊಳಗೆ ಸುರುಳಿ ಸುತ್ತಿ ಬಿದ್ದದ್ದನ್ನು ಚಟ್ಟನೆ ಗುರುತಿಸಿದ ಪೂರ್ವಜರು ಉಳಿದರು, ಆ ಕಣ್ಣು ನಮಗೂ ಬಂದಿರಬಹುದು. ಹಗ್ಗವನ್ನು ಹಾವೆಂದು ಭ್ರಮಿಸುವ ಉದಾಹರಣೆಯನ್ನು ವೇದಾಂತಿಗಳು ಶತಮಾನಗಳಿಂದ ಕೊಡುತ್ತಿದ್ದಾರೆ. ಹಾವನ್ನು ಹಗ್ಗವೆಂದು ಭ್ರಮಿಸಿದವರು ಉದಾಹರಣೆ ಕೊಡಲು ಉಳಿಯಲಿಲ್ಲ, ಅಷ್ಟೆ.

ಆದರೆ ಕಣ್ಣು ಬೇರೆ, ಭಯ ಬೇರೆ. 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸೂಸನ್ ಮಿನೆಕಾ ಮತ್ತು ಸಂಗಡಿಗರು ಪ್ರಯೋಗಶಾಲೆಯಲ್ಲೇ ಹುಟ್ಟಿ ಬೆಳೆದ ಕೋತಿಗಳಿಗೆ ಹಾವು ತೋರಿಸಿದರು. ಅವು ಹೆದರಲಿಲ್ಲ. ಬೇರೆ ಕೋತಿ ಹಾವಿಗೆ ಹೆದರುವುದನ್ನು ನೋಡಿದ ಮೇಲೆ ಹೆದರತೊಡಗಿದವು. ಕೋತಿಯೊಂದು ಹೂವಿಗೆ ಬೆಚ್ಚಿಬಿದ್ದಂತೆ ಜೋಡಿಸಿದ ವಿಡಿಯೊ ತೋರಿಸಿದರೆ ಮಾತ್ರ ಹೂವಿನ ಭಯ ಹತ್ತಲಿಲ್ಲ. ಒಲೆಯಲ್ಲಿ ಸೌದೆ ಜೋಡಿಸಿಟ್ಟದ್ದು ವಿಕಾಸವೇ ಇರಲಿ, ಮೇಷ್ಟರೇ. ಕಡ್ಡಿ ಗೀರುವವರು ಮನೆಯವರು.

ನನ್ನ ಒಲೆಗೆ ಕಡ್ಡಿ ಗೀರಿದವಳು ಅಜ್ಜಿ. ಮಲೆನಾಡಿನ ನಮ್ಮ ಮನೆಯಲ್ಲಿ ಕತ್ತಲಾದ ಮೇಲೆ ಹಾವು ಎನ್ನುವಂತಿರಲಿಲ್ಲ, ‘ಹುಳ’ ಎನ್ನಬೇಕು. ಕಚ್ಚಿತು ಎನ್ನುವಂತಿರಲಿಲ್ಲ, ‘ಮುಟ್ಟಿತು’ ಎನ್ನಬೇಕು. ಒಂದು ಸಂಜೆ ಬಚ್ಚಲೊಲೆಯ ಪಕ್ಕ ಪೇರಿಸಿಟ್ಟಿದ್ದ ಅಡಿಕೆ ಹಾಳೆಗಳ ಸಂದಿಯಿಂದ ಕೇರೆ ಹಾವೊಂದು ಹೊರಬಂತು. ಬಾಲ ಹಿಡಿಯೋಣವೆಂದು ನಾನು ಕೈ ಚಾಚಿದ್ದೆ. ಅಜ್ಜಿ ತುಟಿ ಬಿಚ್ಚಲಿಲ್ಲ. ಹಿಂದಿನಿಂದ ಬಂದು ತೋಳು ಹಿಡಿದ ರಭಸಕ್ಕೆ ಅವಳ ಗಾಜಿನ ಬಳೆ ಒಡೆದು ನನಗೇ ಚುಚ್ಚಿತು. ಕೇರೆಗೆ ವಿಷವಿಲ್ಲವೆಂದು ಮುಂದೆ ಓದಿ ತಿಳಿದೆ. ತಿಳಿದು ಏನು ಬಂತು? ಇವತ್ತಿಗೂ ಕೇರೆ ಕಂಡರೆ ಆ ತೋಳೇ ಮೊದಲು ಜುಮ್ಮೆನ್ನುತ್ತದೆ.

ನಿಮ್ಮ ಮನೆಯಲ್ಲಿ ಟೀವಿ ಇಲ್ಲವೇ? ಸೇಡಿನ ಹಾವಿನ ಧಾರಾವಾಹಿ ಓಡುವುದಿಲ್ಲವೇ? ‘ತುತ್ತು ನುಂಗು, ಇಲ್ಲದಿದ್ದರೆ ಬುಸ್ಸಪ್ಪ ಬರುತ್ತಾನೆ’ ಎಂದವರು ಯಾರೂ ಇಲ್ಲವೇ? ಸ್ವಲ್ಪ ವಿಚಾರಿಸಿ ನೋಡಿ.

ಈ ‘ರಕ್ತದಲ್ಲೇ ಬಂದಿದೆ’ ಎಂಬ ಮಾತು ಈಚೆಗೆ ಎಲ್ಲ ರೋಗಕ್ಕೂ ಒಂದೇ ಕಷಾಯವಾಗಿಬಿಟ್ಟಿದೆ. ಗಂಡಸಿನ ಸಿಟ್ಟು, ಹೊರಗಿನವರನ್ನು ಕಂಡರೆ ಉರಿ, ಜಾತಿ ನೋಡಿ ಬಾಡಿಗೆಗೆ ಮನೆ ಕೊಡುವುದು, ಎಲ್ಲವನ್ನೂ ಪಾಪದ ಗುಹಾಮಾನವನ ತಲೆಗೆ ಕಟ್ಟುತ್ತಾರೆ. ಅಡುಗೆಮನೆಗೆ ಕಾಲಿಡದ ಓದುಗರೊಬ್ಬರು ‘ನಾವು ಬೇಟೆಗಾರರ ಸಂತಾನ’ ಎಂದು ಸಮರ್ಥಿಸಿಕೊಂಡಿದ್ದರು. ಅವರು ಈವರೆಗೆ ಬೇಟೆಯಾಡಿರುವುದು ಟೀವಿ ರಿಮೋಟನ್ನು ಮಾತ್ರ ಎಂದು ನನ್ನ ಊಹೆ.

ಹಾವನ್ನು ನಾನು ಹಗುರ ಮಾಡುತ್ತಿಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂಬ ಅಂದಾಜಿದೆ. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ಕೊಳಕುಮಂಡಲ ಇರುವ ಗದ್ದೆಗೆ ಬರಿಗಾಲಲ್ಲಿ ಇಳಿಯುವವನಿಗೆ ಭಯಪಡಲು ಪುರುಸೊತ್ತಿಲ್ಲ. ಚೀರುವವರು ನಾಲ್ಕನೇ ಮಹಡಿಯ ನಾವು.

ಅದೇ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ ಸತ್ತವರು 1,68,491. ಮೋಟಾರು ವಾಹನ ಬಂದು ನೂರು ಚಿಲ್ಲರೆ ವರ್ಷವಾಯಿತು. ಅದರ ಭಯ ರಕ್ತಕ್ಕಿಳಿಯಲು ಅದು ಸಾಲದು, ಹೇಳಿಯೇ ಕಲಿಸಬೇಕು. ಇಲ್ಲಿ ನಿಮ್ಮ ಮೇಲೆ ನನಗೆ ನಿಜವಾಗಿಯೂ ಕೋಪ ಬಂದಿದೆ. ಪೈಪಿನ ಬಣ್ಣ, ಉದ್ದವನ್ನೆಲ್ಲ ಎರಡು ಪುಟ ವರ್ಣಿಸಿದ್ದೀರಿ. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡ ಹುಡುಗನ ತಲೆಯ ಮೇಲೆ ಹೆಲ್ಮೆಟ್ ಇತ್ತೇ ಎಂಬ ಬಗ್ಗೆ ಒಂದಕ್ಷರವಿಲ್ಲ. ನಾಲ್ಕು ದಾಟಿದ ಮಕ್ಕಳಿಗೂ ಅದು ಕಡ್ಡಾಯ, ಮೇಷ್ಟರೇ. ಅವನ ಅಳತೆಯದ್ದೊಂದನ್ನು ಕೊಂಡು, ಪೈಪನ್ನು ಅವನ ಕೈಯಲ್ಲೇ ಸುತ್ತಿ ಇಡಿಸಿ, ಆಮೇಲೆ ಇನ್ನೊಂದು ಕಾಗದ ಬರೆಯಿರಿ.