ದೊಡ್ಡಪ್ಪನ ಚಪ್ಪಲಿಯಿಂದ ಶುರು ಮಾಡಿ

ನಮಸ್ಕಾರ.

ವಂಶದಲ್ಲಿ ಬರುವ ನರಗಳ ಕಾಯಿಲೆ ಯಾವ ಜನರಲ್ಲಿ ಎಷ್ಟಿದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ.

ಐದನೇ ಪುಟದಲ್ಲಿ ನಿಮ್ಮ ದೊಡ್ಡಪ್ಪ ಬರುತ್ತಾರೆ. ಮಂಡಿ ಎತ್ತಿ ಎತ್ತಿ ಹೆಜ್ಜೆ ಇಡುತ್ತಾರೆ. ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುವುದಿಲ್ಲ, ಜಾರಿ ಹಿಂದೆ ಉಳಿದದ್ದೂ ಅವರಿಗೆ ಗೊತ್ತಾಗುವುದಿಲ್ಲ. ಅಜ್ಜನ ಕಾಲೂ ಹಾಗೇ ಇತ್ತು. ದೊಡ್ಡಪ್ಪನ ಮಗಳಿಗೆ ಪರೀಕ್ಷೆ ಮಾಡಿಸಿದ ಮೇಲೆ ಇದಕ್ಕೆ ಶಾರ್ಕೋ-ಮರಿ-ಟೂತ್ ಕಾಯಿಲೆ, 1ಎ ಬಗೆ, ಎಂಬ ಹೆಸರಿದೆ ಅಂತ ಮನೆಯವರಿಗೆ ತಿಳಿಯಿತು. ಲೇಖನ ಶುರುವಾಗಬೇಕಾದ್ದು ಇಲ್ಲಿಂದ. ಮೊದಲ ನಾಲ್ಕು ಪುಟಗಳ ಲಕ್ಷಣದ ಪಟ್ಟಿ ತೆಗೆಯಿರಿ, ದೊಡ್ಡಪ್ಪನ ಕಾಲೇ ಎಲ್ಲವನ್ನೂ ಹೇಳುತ್ತದೆ. ಅಂದ ಹಾಗೆ, ಟೂತ್ ಅಂದರೆ ಇಲ್ಲಿ ಹಲ್ಲಲ್ಲ. 1886ರಲ್ಲಿ ಫ್ರಾನ್ಸಿನ ಶಾರ್ಕೋ ಮತ್ತು ಮರಿ, ಇಂಗ್ಲೆಂಡಿನ ಟೂತ್, ಈ ಮೂವರು ವೈದ್ಯರು ಇದನ್ನು ವಿವರಿಸಿದರು.

ಈಗ ಅಂಕಿಗೆ ಬರೋಣ. ‘2,500 ಜನರಲ್ಲಿ ಒಬ್ಬರಿಗೆ’ ಎಂಬುದನ್ನು 140 ಕೋಟಿಗೆ ಲೆಕ್ಕ ಹಾಕಿ ಭಾರತದಲ್ಲಿ 5.6 ಲಕ್ಷ ರೋಗಿಗಳು ಅಂತ ಬರೆದಿದ್ದೀರಿ. ಆ ಅಂಕಿ ಹುಟ್ಟಿದ್ದು ಪಶ್ಚಿಮ ನಾರ್ವೆಯಲ್ಲಿ, 1974ರ ಒಂದು ಅಧ್ಯಯನದಿಂದ. ಅದೇ ನಾರ್ವೆಯಲ್ಲಿ ಓಸ್ಲೋ ಪಕ್ಕದ ಆಕರ್ಸ್‌ಹುಸ್‌ನಲ್ಲಿ ಎಣಿಸಿದಾಗ 1,214ಕ್ಕೆ ಒಬ್ಬರು ಸಿಕ್ಕರು. ಅದು 2011ರ ವರದಿ. ಪಶ್ಚಿಮ ಜಪಾನಿನ ಒಂದು ಕಡೆ ಲಕ್ಷಕ್ಕೆ ಸುಮಾರು 11. ನಿಮ್ಮ ಲೆಕ್ಕವನ್ನೇ ಈ ಅಂಕಿಗಳಿಂದ ಮಾಡಿ ನೋಡಿ. ಒಂದರಲ್ಲಿ 11.5 ಲಕ್ಷ ಬರುತ್ತದೆ, ಇನ್ನೊಂದರಲ್ಲಿ ಒಂದೂವರೆ ಲಕ್ಷ. ಯಾವುದನ್ನು ನಂಬೋಣ? ಮೂರೂ ನಮ್ಮ ಮನೆಗಳನ್ನು ಎಣಿಸಿ ಬಂದದ್ದಲ್ಲ, ಅಲ್ವಾ?

ನಾರ್ವೆಯಲ್ಲಿ ಕಾಯಿಲೆ ದುಪ್ಪಟ್ಟಾಯಿತು ಅಂತ ಇದರ ಅರ್ಥವಲ್ಲ. ಪ್ರದೇಶ ಬೇರೆ, ಹುಡುಕಿದ ರೀತಿ ಬೇರೆ. ತೊಂದರೆ ಕಮ್ಮಿ ಇರುವವರು ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ನಿಮ್ಮ ದೊಡ್ಡಪ್ಪ ಅರವತ್ತು ವರ್ಷ ಹೋಗಲಿಲ್ಲ. ಆಸ್ಪತ್ರೆಯ ಕಡತ ನೋಡಿ ಎಣಿಸಿದರೆ ಅವರು ಸಿಗುವುದಿಲ್ಲ. ಮನೆ ಬಾಗಿಲಿಗೆ ಹೋಗಿ ಕಾಲು ನೋಡಿದರೆ ಸಿಗುತ್ತಾರೆ. ಈ ಮಾತನ್ನು ನಿಮ್ಮಷ್ಟು ಹತ್ತಿರದಿಂದ ಬರೆಯಬಲ್ಲವರು ಕಡಿಮೆ.

ಒಂದು ತಪ್ಪನ್ನು ಮಾತ್ರ ಖಂಡಿತ ತಿದ್ದಬೇಕು. ‘ನಮ್ಮಲ್ಲಿ ಸೋದರಮಾವನನ್ನು ಮದುವೆಯಾಗುವುದರಿಂದ ಈ ಕಾಯಿಲೆ ಬಂತು’ ಅಂದಿದ್ದೀರಿ. 1ಎ ಬಗೆಗೆ ಆ ಮಾತು ಹೊಂದುವುದಿಲ್ಲ. ಅದರಲ್ಲಿ ವಂಶವಾಹಿಗಳನ್ನು ಹೊತ್ತ 17ನೇ ಕ್ರೋಮೋಸೋಮಿನ ಒಂದು ತುಣುಕು ಎರಡೆರಡು ಸಲ ಇರುತ್ತದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೂ ಹುಟ್ಟಬಹುದು. ಅದಕ್ಕೇ ‘ಇದು ಯುರೋಪಿನವರ ಕಾಯಿಲೆ’ ಎಂಬ ಸಾಲೂ ನಿಲ್ಲುವುದಿಲ್ಲ. ರಕ್ತಸಂಬಂಧದ ಮದುವೆ ಲೆಕ್ಕಕ್ಕೆ ಬರುವುದು ಇಬ್ಬರಿಂದಲೂ ದೋಷ ಸಿಕ್ಕಬೇಕಾದ ಬಗೆಗಳಲ್ಲಿ. ಟುನೀಶಿಯಾ, ಅಲ್ಜೀರಿಯಾದಲ್ಲಿ ಅಂಥವು ಜಾಸ್ತಿ. ಬಲ್ಗೇರಿಯಾದ ಲೋಮ್ ಪಟ್ಟಣದ ರೋಮಾ (ಜಿಪ್ಸಿ ಅಂತ ಕರೆಯುತ್ತಿದ್ದ) ಜನರಲ್ಲಿ ಗುರುತಿಸಿದ ಬಗೆಯೂ ಅಂಥದ್ದೇ. ಈ ವ್ಯತ್ಯಾಸವನ್ನು ಹೇಳದೆ ಹೋದರೆ ನಿಮ್ಮ ಅಜ್ಜಿಯ ಮದುವೆಯ ಮೇಲೆ ಸುಮ್ನೆ ಅಪವಾದ ಹೊರಿಸಿದಂತಾಗುತ್ತದೆ.

ಕೊನೆಯದು ನನಗೆ ತುಂಬ ಮುಖ್ಯ. ದೊಡ್ಡಪ್ಪನ ಮಗಳ ಹೆಸರು, ಊರು, ಕಾಲೇಜು ಎಲ್ಲ ಹಾಕಿದ್ದೀರಿ. ಅವಳಿಗೆ ಇದು ಗೊತ್ತೇ? ನಾಳೆ ಅವಳನ್ನು ನೋಡಲು ಬರುವ ಮನೆಯವರೂ ಇದನ್ನು ಓದಬಹುದು. ಮೊದಲು ಅವಳ ಜೊತೆ ಕೂತು ಪೂರ್ತಿ ಓದಿ ಹೇಳಿ. ಬೇಡ ಅಂದ ಸಾಲನ್ನು ತೆಗೆಯಿರಿ. ಪೂರ್ತಿ ಬೇಡ ಅಂದರೆ ದೊಡ್ಡಪ್ಪ ಒಪ್ಪಿದಷ್ಟನ್ನು ಮಾತ್ರ ಬರೆದು, ಸಾವಿರದ ಐನೂರು ಪದದೊಳಗೆ ಮತ್ತೆ ಕಳಿಸಿ. ನಾನೇ ಓದುತ್ತೇನೆ.