ಓದುಗರ ಪ್ರಶ್ನೆ: ಸ್ಪರ್ಧೆಯ ಸುತ್ತುಗಳ ನಂತರ ಗಾಯಕಿಯ ದಾರಿ

ಪ್ರಶ್ನೆ: ನನ್ನ ತಂಗಿಗೆ ಹದಿನೇಳು ವರ್ಷ. ಪಾಪ್ ಹಾಡುಗಳನ್ನು ಚೆನ್ನಾಗಿ ಹಾಡುತ್ತಾಳೆ. ಪ್ರತಿಭಾ ಸ್ಪರ್ಧೆಗಳಲ್ಲಿ ಅಂತಿಮ ಸುತ್ತಿನವರೆಗೆ ಹೋದರೂ ಬಹುಮಾನ ಬಂದಿಲ್ಲ. ಊರೂರು ಸುತ್ತಿ ಕಾರ್ಯಕ್ರಮ ಕೊಡುವ ಗಾಯಕಿಯಾಗಬೇಕೆಂಬ ಅವಳ ಆಸೆಯನ್ನು ಇಲ್ಲಿಗೇ ಬಿಡಬೇಕೆ?

ಉತ್ತರ: ಖಂಡಿತ ಬಿಡಬೇಕಾಗಿಲ್ಲ. ಮುಂದೆ ಹೆಸರಾಂತ ಪಾಪ್ ಗಾಯಕಿಯಾದ ಬ್ರಿಟ್ನಿ ಸ್ಪಿಯರ್ಸ್ 1992ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅಮೆರಿಕದ ‘ಸ್ಟಾರ್ ಸರ್ಚ್’ ಸ್ಪರ್ಧೆಯ ಒಂದು ಸುತ್ತು ಗೆದ್ದು ಮುಂದಿನ ಸುತ್ತಿನಲ್ಲಿ ಸೋತಿದ್ದರು. ಮರುವರ್ಷ ಅದೇ ವೇದಿಕೆಯಲ್ಲಿ ಸೋತ ಬಾಲಕಿಯರ ತಂಡವೊಂದರಲ್ಲಿ, ಮುಂದೆ ಅಷ್ಟೇ ಹೆಸರಾಂತ ಗಾಯಕಿಯಾದ ಬಿಯಾನ್ಸೆ ಇದ್ದರು. 2004ರ ‘ಅಮೆರಿಕನ್ ಐಡಲ್’ನಲ್ಲಿ ಏಳನೆಯ ಸ್ಥಾನಕ್ಕೆ ನಿಂತ ಜೆನಿಫರ್ ಹಡ್ಸನ್ 2007ರಲ್ಲಿ ನಟನೆಗಾಗಿ ಆಸ್ಕರ್ ಪಡೆದರು. ಬ್ರಿಟನ್ನಿನ ‘ಎಕ್ಸ್ ಫ್ಯಾಕ್ಟರ್’ನಲ್ಲಿ 2010ರಲ್ಲಿ ಮೂರನೆಯ ಸ್ಥಾನ ಪಡೆದ ‘ಒನ್ ಡೈರೆಕ್ಷನ್’ ತಂಡ 2014ರ ಹೊತ್ತಿಗೆ ಕ್ರೀಡಾಂಗಣಗಳನ್ನು ತುಂಬಿಸುತ್ತಿತ್ತು. 2002ರಲ್ಲಿ ‘ಅಮೆರಿಕನ್ ಐಡಲ್’ನ ಮೊದಲ ಆವೃತ್ತಿಯನ್ನು ಗೆದ್ದ ಕೆಲ್ಲಿ ಕ್ಲಾರ್ಕ್‌ಸನ್ ಅವರಂತೆ ಗೆದ್ದೂ ಬೆಳೆದವರು ಇದ್ದಾರೆ, ಆದರೆ ಗೆದ್ದು ಮರೆಯಾದವರ ಸಂಖ್ಯೆಯೂ ಚಿಕ್ಕದಲ್ಲ.

ಇದಕ್ಕೆ ಕಾರಣವಿದೆ. ಸ್ಪರ್ಧೆಯಲ್ಲಿ ಹಾಡುವುದು ಈಗಾಗಲೇ ಜನ ಮೆಚ್ಚಿದ, ಒಂದೆರಡು ನಿಮಿಷಕ್ಕೆ ಕತ್ತರಿಸಿದ ಹಾಡು. ಅದಕ್ಕೆ ವಾರವಿಡೀ ತಾಲೀಮು ಮಾಡಿಸುವವರಿರುತ್ತಾರೆ, ನುರಿತ ವಾದ್ಯಗಾರರಿರುತ್ತಾರೆ, ಕೇಳುವವರಲ್ಲಿ ಅರ್ಧದಷ್ಟು ಜನ ಹಾಡುವವಳು ಗೆಲ್ಲಲೆಂದೇ ಕುಳಿತಿರುತ್ತಾರೆ. ಪ್ರವಾಸದ ಕಾರ್ಯಕ್ರಮದಲ್ಲಾದರೋ ಒಂದೂವರೆ ಗಂಟೆ ಒಬ್ಬಳೇ ಸಭೆಯನ್ನು ಹಿಡಿದಿಡಬೇಕು, ಮರುದಿನ ಬೇರೊಂದು ಊರಿನಲ್ಲಿ ಅದನ್ನೇ ಮತ್ತೆ ಮಾಡಬೇಕು. ಈ ಎರಡರ ನಡುವಿನ ಅಂತರವನ್ನು ಕಿರಿಯ ಕಲಾವಿದರು ದಾಟುವುದು ಸಾಮಾನ್ಯವಾಗಿ ಸಣ್ಣ ಸಭಾಂಗಣಗಳಲ್ಲಿ ಹಾಡಿ, ಹೆಸರಾಂತರ ಕಾರ್ಯಕ್ರಮಕ್ಕೆ ಮುನ್ನ ಅರ್ಧ ಗಂಟೆ ಹಾಡುವ ಅವಕಾಶ ಪಡೆದು. ಬ್ರಿಟ್ನಿಯವರೂ 1998ರಲ್ಲಿ ಅಮೆರಿಕದ ಮಾಲ್‌ಗಳಲ್ಲಿ ಹಾಡಿ, ‘ಎನ್‌ಸಿಂಕ್’ ತಂಡದ ಕಾರ್ಯಕ್ರಮಗಳಿಗೆ ಮುನ್ನ ಹಾಡಿ, 1999ರಲ್ಲಿ ತಮ್ಮ ಹೆಸರಿನ ಪ್ರವಾಸ ಹೊರಟರು. ಬೇರೆಯವರನ್ನು ಕೇಳಲು ಬಂದು ಗಡಿಯಾರ ನೋಡುತ್ತಿರುವ ಸಭೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದನ್ನು ಯಾವ ತೀರ್ಪುಗಾರರೂ ಹೇಳಿಕೊಡಲಾರರು, ಮತ್ತು ನನ್ನ ದೃಷ್ಟಿಯಲ್ಲಿ ಪಾಪ್ ಗಾಯಕಿಯ ನಿಜವಾದ ಶಿಕ್ಷಣ ಅದೇ. ನಿಮ್ಮ ತಂಗಿ ಮುಂದಿನ ಆಡಿಷನ್‌ಗೆ ಕಾಯುತ್ತ ಕೂರದೆ, ತನ್ನದೇ ಆದ ಐದಾರು ಹಾಡುಗಳನ್ನು ಕಟ್ಟಿಕೊಂಡು, ಎಷ್ಟೇ ಚಿಕ್ಕ ವೇದಿಕೆಯಾದರೂ ಒಪ್ಪಿಕೊಂಡು ಹಾಡಲಿ. ಕೇಳಿದ ಜನ ಮತ್ತೆ ಬರುವುದು ಆ ಹಾಡುಗಳಿಗಾಗಿ.

ಪ್ರಶ್ನೆ: ನನ್ನ ಮಗಳು ಸತತವಾಗಿ ಮೂರು ದಿನ ಕಾರ್ಯಕ್ರಮ ಕೊಟ್ಟರೆ ಗಂಟಲು ಕಟ್ಟುತ್ತದೆ. ಇದು ಅಭ್ಯಾಸದಿಂದ ಸರಿಹೋಗುತ್ತದೆಯೆ?

ಉತ್ತರ: ಅಭ್ಯಾಸದಿಂದ ಹಾಡುವ ಕ್ರಮ ಸುಧಾರಿಸಬಹುದು, ಆದರೆ ದಣಿದ ಗಂಟಲಿಗೆ ವಿಶ್ರಾಂತಿಯ ಹೊರತು ಬೇರೆ ಉಪಾಯವಿಲ್ಲ. 440 ಹರ್ಟ್ಸ್‌ನ ಸ್ವರವೊಂದನ್ನು ಹಿಡಿದಾಗ ಧ್ವನಿತಂತುಗಳು ಸೆಕೆಂಡಿಗೆ 440 ಬಾರಿ ಒಂದಕ್ಕೊಂದು ತಾಗುತ್ತವೆ. ಪೂರ್ತಿ ಕಾರ್ಯಕ್ರಮದಲ್ಲಿ ಅವು ಎಷ್ಟು ಲಕ್ಷ ಸಲ ತಾಗಿರಬಹುದೆಂದು ಯೋಚಿಸಿ ನೋಡಿ. ಬಾತಿರುವ ತಂತುಗಳ ಮೇಲೆಯೇ ಬಲ ಹಾಕಿದರೆ ಗಂಟುಗಳಾಗಬಹುದು, ರಕ್ತಸ್ರಾವವೂ ಆಗಬಹುದು. ಅಡೆಲ್ ಅವರಂಥ ಗಾಯಕಿಯೇ 2011ರಲ್ಲಿ ಅಮೆರಿಕದ ಕಾರ್ಯಕ್ರಮಗಳನ್ನು ರದ್ದುಪಡಿಸಿ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಎರಡು ಕಾರ್ಯಕ್ರಮಗಳ ನಂತರ ಒಂದು ದಿನ ಬಿಡುವಿರುವಂತೆ ಮೊದಲೇ ವೇಳಾಪಟ್ಟಿ ಹಾಕಿಸಿ. ಗದ್ದಲದ ವೇದಿಕೆಯಲ್ಲಿ ತನ್ನ ದನಿ ತನಗೇ ಕೇಳಿಸದಿದ್ದಾಗ ಗಾಯಕಿ ತಿಳಿಯದೆಯೇ ಕೂಗತೊಡಗುತ್ತಾಳೆ; ಆದ್ದರಿಂದ ಕಾರ್ಯಕ್ರಮಕ್ಕೆ ಮುಂಚಿನ ಧ್ವನಿ ಪರೀಕ್ಷೆಯ (ಸೌಂಡ್ ಚೆಕ್) ಸಮಯದಲ್ಲಿ, ಹಾಡುವವಳಿಗೆ ತನ್ನ ದನಿ ಕೇಳಿಸುವ ಸ್ಪೀಕರ್ ಆದ ಮಾನಿಟರ್ ಸರಿಯಾಗಿದೆಯೇ ಎಂದು ಪಟ್ಟುಹಿಡಿದು ನೋಡಿಕೊಳ್ಳಲಿ. ಕಾರ್ಯಕ್ರಮ ಮುಗಿದ ಮೇಲೆ ಅಭಿಮಾನಿಗಳೊಡನೆ ಗಂಟೆಗಟ್ಟಲೆ ಮಾತನಾಡುವುದೂ ಗಂಟಲಿಗೆ ದುಡಿಮೆಯೇ. ದನಿಯ ಒರಟುತನ ಎರಡು ಮೂರು ವಾರವಾದರೂ ಇಳಿಯದಿದ್ದರೆ, ಅಥವಾ ಹಾಡುತ್ತಿರುವಾಗಲೇ ದನಿ ಥಟ್ಟನೆ ನಿಂತುಹೋದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿರಿ.

ಪ್ರಶ್ನೆ: ಸ್ಪರ್ಧೆಯವರು ಆಡಿಷನ್‌ಗೆ ಮುಂಚೆಯೇ ಒಪ್ಪಂದಪತ್ರಕ್ಕೆ ಸಹಿ ಕೇಳುತ್ತಾರೆ. ಹಾಕಬಹುದೆ?

ಉತ್ತರ: ಓದಿದ ನಂತರ ಹಾಕಬಹುದು. ಮುಂದಿನ ಧ್ವನಿಮುದ್ರಣಗಳ ಹಕ್ಕು, ಕಾರ್ಯಕ್ರಮಗಳ ಆದಾಯದಲ್ಲಿ ಪಾಲು, ಬೇರೆಯವರಿಗೆ ಹಾಡಬಾರದೆಂಬ ನಿರ್ಬಂಧ ಇವು ಇವೆಯೇ, ಇದ್ದರೆ ಎಷ್ಟು ವರ್ಷ ಎಂಬುದನ್ನು ವಕೀಲರೊಬ್ಬರಿಂದ ಓದಿಸಿ ತಿಳಿದುಕೊಳ್ಳಿ. ಸ್ಪರ್ಧಿ ಅಪ್ರಾಪ್ತ ವಯಸ್ಸಿನವರಾಗಿದ್ದರೆ ಸಹಿಯ ಹೊಣೆ ಪೋಷಕರದು. ಆಕೆ ಸ್ವತಃ ಬರೆದ ಹಾಡುಗಳ ಹಕ್ಕನ್ನು ಮಾತ್ರ ಯಾವ ಆತುರದಲ್ಲೂ ಬಿಟ್ಟುಕೊಡಬೇಡಿ.